ಬೂದಿ

ಇಳಕಲ್ಲಿನಿಂದ ಕ್ವಾರಿಗೆ ಹೋಗೋ ಹಾದಿಯಾಗ
ನಮ್ಮ ಓಣಿ ಬಾಯಿಗೆ ನಿಂತೈತಿ ನೋಡ್ರಿ,
ಕೆಂಪು ಗ್ರಾನೈಟಿನ ಕತ್ತಿ.
ಎಡಗಿವಿ ಅರ್ಧ. ಮುರಿದದ್ದಲ್ಲ ಅದು,
ಕಡಿಯೂದ್ರಾಗ ಗಿಡ್ಡಪ್ಪಜ್ಜನ ಉಸಿರು ಮುಗೀತು.

ಕಲ್ಲು ಪರದೇಶಕ್ಕ ಹೊಂಟಿತ್ತು.
ನಡುವ ಒಂದು ಕರೀ ಎಳಿ ಕಂಡು
ಸಾಹೇಬ ಸೀಮೆಸುಣ್ಣಲೆ ಕಾಟು ಹೊಡೆದ.
ಬ್ಯಾಡಾದ ಕಲ್ಲು, ಬ್ಯಾಡಾದ ಮಂದಿ,
ಹಾರಿ ಹಾಕಿ ಉಳ್ಳಿಸಿಕೊಂತ ತಂದಿವಿ.
ಏನು ಕಡೀತಿಯೋ ಅಂದ್ರ
ಅಜ್ಜ ಬೀಡಿ ಕಚ್ಚಿ ನಕ್ಕ:
"ಕೆರೀ ಒಡ್ಡಿಗೆ ಮಣ್ಣು ಹೊತ್ತಾಕಿ ಒಬ್ಬಾಕಿ ಇದ್ದಳು.
ಆಕೀದೊಂದು ಇರಲಿ."

ಆಕಿ ಹೆಸರು ಬೂದಿ.
ಸಾಹೇಬ ಒಲ್ಲೆ ಅಂದಿದ್ದನಲ್ಲ, ಆ ಕರೀ ಎಳಿ,
ಅದನ್ನ ಸರಿಯಾಗಿ ಬೆನ್ನಿನ ಗುಂಟ ಇಳಿಸಿದ್ದ,
ಖರೇ ಬೂದಿಯ ಬೆನ್ನಿನ ಪಟ್ಟಿ ಹಂಗ.

ಧಾರವಾಡದಿಂದ ಒಬ್ಬರು ಬಂದು ಬರಕೊಂಡು ಹೋದರು:
ಇದು ಶಾಪದ ಕಲ್ಲು,
ದತ್ತಿ ಭೂಮಿ ನುಂಗಿದವರಿಗೆ ಹಾಕಿದ್ದು,
ಹನ್ನೆರಡನೇ ಶತಮಾನ ಇದ್ದೀತು.
ಸಂಕವ್ವ ರೊಟ್ಟಿ ಬಡಿಯೂದು ಬಿಟ್ಟು ಎದ್ದು ಬಂದು
"ನನ್ನ ಲಗ್ನದ ವರ್ಷದ್ದು" ಅಂದಳು.
ಅವರು ಅದನ್ನ ಬರಕೊಳ್ಳಲಿಲ್ಲ.

ಒಂದು ಅಮಾಸಿಗೆ ಯಾರೋ ಕುಂಕುಮ ಹಚ್ಚಿ ಕಾಯಿ ಒಡೆದ್ರು.
ಸಂಕವ್ವ ಸೆರಗು ತೊಯಿಸಿ ಒರಸಿದಳು:
"ದೇವರು ಮಾಡಬ್ಯಾಡ್ರಿ.
ನಾಳೆ ನಮಗ ಮುಟ್ಟಾಕ ಬಿಡೂದಿಲ್ಲ."

ಹೋದ ವರ್ಷ ರಸ್ತಾ ಅಗಲಾತು.
ಜೇಸಿಬಿ ಹಲ್ಲು ಕಿಸಿದು ನಿಂತಿತು.
ಸರೀರಿ, ನಾವು ಎತ್ತತೀವಿ ಅಂದಿವಿ.
ಹಾರಿ, ಹಗ್ಗ, ಎಂಟು ಮಂದಿ, ಹೈಸಾ,
ಕತ್ತಿ ಮಗ್ಗಲಾತು.
ಪೀಠದ ಅಡಿಯಾಗ ಚಾಣದ ಗೀಟು:
ನಾಕು ನಿಂತದ್ದು, ಒಂದು ಅಡ್ಡ,
ನಾಕು ನಿಂತದ್ದು, ಒಂದು ಅಡ್ಡ,
ಮೂಲಿಯಿಂದ ಮೂಲಿಗೆ.

ಬೂದಿ ಹೊತ್ತ ಹೇರು.

ಕೆರೀ ಏರಿ ಮ್ಯಾಲಿನ ಬೋರ್ಡಿನಾಗ
ಮಂತ್ರಿ ಹೆಸರೈತಿ, ಇಂಜಿನೇರಂದು ಐತಿ,
ಖರ್ಚಾದ ರೊಕ್ಕ ಪೈಸೆ ಸಹಿತ ಐತಿ.
ಹೇರಿನ ಲೆಕ್ಕ ಇಲ್ಲಿತ್ತು,
ಇಷ್ಟು ವರ್ಷ ಮಣ್ಣಿಗೆ ಮಕ ಹಚ್ಚಿ.

ಎಣಿಸಾಕ ಕುಂತಿವಿ.
ಸಾವಿರದ ನಾಕನೂರು ದಾಟಿತ್ತು,
ಸಂಕವ್ವನ ಮೊಮ್ಮಗ ಕೆಮ್ಮಿದ.
ಪಾಲಿಶ್ ಮಿಷನ್ನಿನ ಮುಂದ ಎರಡು ವರ್ಷ ಆತು ಅವಗ.
ಕೆಮ್ಮು ನಿಲ್ಲೂತನಕ ಎಲ್ಲಾರೂ ಸುಮ್ಮನಾದ್ವಿ,
ಲೆಕ್ಕ ತಪ್ಪಿತು.

ಮತ್ತ ಮೊದಲಿಂದ ಹಿಡಿಯೂಣು ಅನ್ನೂದ್ರಾಗ ಕತ್ತಲಾತು.
ಗೀಟು ಕಾಣೂ ಹಂಗ ನಿಲ್ಲಸೂಣು ಅಂತ ಹುಡುಗರು,
ಬ್ಯಾಡ ಅಂತ ಹಿರೇರು, ಜಗಳಾತು ಚೂರು.
ಕಡೀಕ ಅಜ್ಜ ಇಟ್ಟ ಹಂಗ ಇಳಿಸಿದಿವಿ,
ಗೀಟು ಕೆಳಗ,
ಮಕ ಕೆರೀ ಕಡೆ,
ಅರ್ಧ ಕಿವಿ ಲಾರಿ ಹೋಗೋ ರಸ್ತಾದ ಕಡೆ.