ಹನ್ನೊಂದು ನಿಮಿಷ

ವಿಜಯನಗರದಲ್ಲಿ, ಹಿಟ್ಟಿನ ಗಿರಣಿಯ ಮೇಲೆ ನಮ್ಮ ಕ್ಲಾಸು.
ಕೆಳಗೆ ರಾಗಿ ಬೀಸುತ್ತಾರೆ, ಮೇಲೆ ತರ್ಕ.
ಬೆಳಗಿನ ಏಳಕ್ಕೇ ನೆಲ ಸಣ್ಣಗೆ ನಡುಗುತ್ತದೆ.
ಯಾರ ಅಂಗಿಯ ಮೇಲಿನದು ಸೀಮೆಸುಣ್ಣ, ಯಾರದು ಹಿಟ್ಟು
ಮೆಟ್ಟಿಲಲ್ಲಿ ಎದುರಾದಾಗ ಹೇಳುವುದು ಕಷ್ಟ.

ಹಲಗೆಯ ಮೇಲೆ ಬರೆಯುತ್ತೇನೆ:
'ಪಾಲಿಕೆ ಫುಟ್‌ಪಾತು ಅಗಲ ಮಾಡಿದೆ.
ಆದ್ದರಿಂದ ಇನ್ನು ಜನ ಧೈರ್ಯವಾಗಿ ನಡೆಯುತ್ತಾರೆ.'
ಬಾಯಿಬಿಟ್ಟು ಹೇಳದೆ ನಂಬಿಕೊಂಡದ್ದು ಏನು? ಹುಡುಕಿ.
ನಲವತ್ತು ತಲೆ ಬಗ್ಗುತ್ತವೆ.
ಕೊನೆಗೆ ಸಿಂಧನೂರಿನ ಅಮರೇಗೌಡ:
'ಸ್ಕೂಟರಿನವ್ರು ಅದರ ಮ್ಯಾಲೆ ಹತ್ತಂಗಿಲ್ಲ ಅಂತ ನಂಬ್ಯಾರ್ರಿ.'
ನಗು. ಸರಿಯುತ್ತರ ಅದೇ,
ಪುಸ್ತಕದಲ್ಲಿ ಕೊಂಚ ಇಸ್ತ್ರಿ ಮಾಡಿ ಬರೆದಿದ್ದಾರೆ, ಅಷ್ಟೆ.

ನನಗೆ ಹೇಳಿಕೊಡಲು ಬರುವುದು ಒಂದೇ ಮಾತು.
'ಆದ್ದರಿಂದ' ಎಂದಲ್ಲೆಲ್ಲ ಒಂದು ಮೋರಿ ಇದೆ,
ಮೇಲೆ ಯಾರೋ ಹಾಸಿದ ಚಪ್ಪಡಿ.
ನಾವು ನೋಡುವುದಿಲ್ಲ, ದಾಟುತ್ತೇವೆ,
ಈಚೆಯ ಹೇಳಿಕೆಯಿಂದ ಆಚೆಯ ತೀರ್ಮಾನಕ್ಕೆ,
ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಕಿವಿಯಲ್ಲಿ ಫೋನು.
ಅನುಮಾನ ಬಂದರೆ ಕಲ್ಲು ಎತ್ತಿ ನೋಡಿ,
'ಇಲ್ಲ' ಸೇರಿಸಿ ಓದಿ.
ಎತ್ತಿದ ಮೇಲೂ ದಾಟಲು ಬಂದರೆ, ಆ ಕಲ್ಲಲ್ಲ.
ಬಿದ್ದಿರೋ, ಅದೇ. ಗುರುತು ಹಾಕಿ.

ಹದಿನೆಂಟು ವರ್ಷ ಇದನ್ನೇ ಹೇಳಿದ್ದೇನೆ.

ಮುನಿಲಕ್ಷ್ಮಿ ದಿನಾ ತಡ.
ಏಳೂ ಹನ್ನೊಂದಕ್ಕೆ ಬಾಗಿಲ ಸಂದಿಯಲ್ಲಿ ಮುಖ,
ಚಪ್ಪಲಿ ಬಿಡುವ ಸದ್ದು, ಕೊನೆಯ ಬೆಂಚು.
ತಡವಾಗಿ ಬರುತ್ತಾಳೆ. ಆದ್ದರಿಂದ ಆಸಕ್ತಿಯಿಲ್ಲ.
ಇದನ್ನು ಹಲಗೆಯ ಮೇಲೆ ಬರೆದವನಲ್ಲ,
ಹುಬ್ಬಿನಲ್ಲಿ ಬರೆದೆ, ಮೂರು ತಿಂಗಳು.
ಅವಳ ಉತ್ತರಪತ್ರಿಕೆ ಕಟ್ಟಿನ ತಳಕ್ಕೆ ಹೋಯಿತು.
ಪ್ರಶ್ನೆ ಕೇಳುವಾಗ ನನ್ನ ಕಣ್ಣು ಅವಳನ್ನು ದಾಟಿ
ಕಿಟಕಿಯಾಚೆಯ ಮೆಟ್ರೋ ಹಿಡಿಯಿತು.

ನಿನ್ನೆ ಗೋಡೆ ಗಡಿಯಾರದ ಸೆಲ್ಲು ಮುಗಿಯಿತು.
ಕ್ಲಾಸು ಬಿಟ್ಟಮೇಲೆ ಸ್ಟೂಲು ಹತ್ತಿ ಹೊಸದು ತುರುಕಿ
'ಟೈಮ್ ಎಷ್ಟಮ್ಮಾ' ಎಂದೆ. ಹತ್ತಿರವಿದ್ದವಳು ಅವಳೇ.
ಹೇಳಿದಳು. ಆಮೇಲೆ ಮೆಲ್ಲಗೆ:
'ಸರಿಯಾಗಿ ಇಡ್ತೀರಾ ಸಾರ್,
ಇಲ್ಲಾ ಯಾವಾಗಿನ ಹಂಗೆ ಹನ್ನೊಂದು ನಿಮಿಷ ಮುಂದಕ್ಕಾ?'

ಮಾಲೀಕರು ಯಾವ ಕಾಲದಲ್ಲೋ ತಳ್ಳಿಟ್ಟದ್ದು,
ಹುಡುಗರು ಬೇಗ ಬರಲಿ ಎಂದು.
ಹಿಂದಿನ ಬೀದಿಯ ಪೀಜಿಯವರು ಅದಕ್ಕೇ ಒಗ್ಗಿಹೋದರು.
ಒಳಗೆ ಬಂದೊಡನೆ ಫೋನು ಡ್ರಾಯರಿಗೆ ಎಂಬುದು
ನಾನೇ ಮಾಡಿದ ನಿಯಮ.
ಸುಂಕದಕಟ್ಟೆಯಿಂದ ಬಸ್ಸು ಹಿಡಿದು
ನಿಜವಾದ ಏಳಕ್ಕೆ ಸರಿಯಾಗಿ
ತಡವಾಗುತ್ತಿದ್ದವಳು ಇವಳೊಬ್ಬಳು.

ಇಷ್ಟು ದಿನ ಯಾಕೆ ಹೇಳಲಿಲ್ಲ?
ಎ, ಹೆದರಿಕೆ. ಬಿ, ಮರ್ಯಾದೆ.
ಸಿ, ಸಾರಿಗೆ ಇದೆಲ್ಲ ಗೊತ್ತೇ ಇರುತ್ತದೆ ಎಂಬ ಊಹೆ.
ಡಿ ಎಂದು ಬರೆದು ಮುಂದೆ ತೋಚದೆ
ಗಡಿಯಾರದ ಬೆನ್ನಿನ ತಿರುಪು ಹಿಡಿದು
ಸ್ಟೂಲಿನ ಮೇಲೆಯೇ ನಿಂತೆ.
ಕೆಳಗೆ ಯಾರದೋ ಜೋಳ ಶುರುವಾಯಿತು,
ಸ್ಟೂಲಿನ ಕಾಲು ಅಲುಗತೊಡಗಿತು.
'ಹಿಡ್ಕೊಳ್ಳಲಾ ಸಾರ್?' ಎಂದಳು.