ಇಪ್ಪತ್ತೆರಡು, ಏನು?

ರಾತ್ರಿ ಎರಡೂಕಾಲು. ಡಾಫಿನ್ ಊರಿನ ಆಸ್ಪತ್ರೆಯಲ್ಲಿ
ಫೋನಿನ ಪಾಳಿ ನನ್ನದು.
ಕಿಟಕಿಯಾಚೆ ಮೈನಸ್ ಮೂವತ್ತೊಂದು.
ಮ್ಯಾನಿಟೋಬದಲ್ಲಿ ಚಳಿಯನ್ನು ನಾವು
ಸೆಲ್ಸಿಯಸ್ಸಿನಲ್ಲೇ ಬೈಯುವುದು.

ಆ ತುದಿಯಲ್ಲೊಬ್ಬ ಅಪ್ಪ, ಡ್ಯಾರೆಲ್ ಪ್ರುಡೆನ್.
ಊರಿಂದ ನಲವತ್ತು ನಿಮಿಷ ದೂರ ಎಂದ,
ದೂರವನ್ನು ನಾವು ಗಡಿಯಾರದಲ್ಲಿ ಅಳೆಯುತ್ತೇವೆ.
ಮಗುವಿಗೆ ಜ್ವರ, ನೂರಾ ಎರಡು.
ಮೈಯ ಬಿಸಿ ಫ್ಯಾರನ್‌ಹೀಟು, ಹೊರಗಿನ ಚಳಿ ಸೆಲ್ಸಿಯಸ್ಸು,
ಹೊಸ್ತಿಲ ಮೇಲೆ ನಿಂತವನಿಗೆ ಯಾವುದೋ,
ಕೇಳಲು ಹೊತ್ತಿರಲಿಲ್ಲ.

"ತೂಕ ಎಷ್ಟು?"
"ಇಪ್ಪತ್ತೆರಡು."
ನನ್ನ ಪೆನ್ನು ಆಗಲೇ ಗುಣಿಸತೊಡಗಿತ್ತು,
ಕಿಲೋಗೆ ಇಷ್ಟು ಔಷಧಿ, ಇಪ್ಪತ್ತೆರಡಕ್ಕೆ ಇಷ್ಟು.
ಆಗ ಹಿಂದಿನಿಂದ ಅಳು ಕೇಳಿಸಿತು.
ಅದು ಇಪ್ಪತ್ತೆರಡು ಕಿಲೋದ ಅಳುವಲ್ಲ.
ಅಷ್ಟು ತೂಗುವ ಮಕ್ಕಳು ಮಾತಿನಲ್ಲಿ ಅಳುತ್ತಾರೆ,
ಬೂಟು, ಶಾಲೆ, ಅಣ್ಣನ ಮೇಲಿನ ದೂರು ಎಲ್ಲ ಸೇರಿಸಿ.
ಇದು ಹಲ್ಲು ಮೂಡುವ ವಯಸ್ಸಿನದು, ಒಂದೇ ಸ್ವರ.

"ಇಪ್ಪತ್ತೆರಡು, ಏನು?"
ಅವನ ಫ್ರಿಜ್ಜು ಗುರ್ ಎನ್ನುವುದು ಕೇಳುವಷ್ಟು ಮೌನ.
"ಏನು ಅಂದರೆ?"
"ಪೌಂಡೋ, ಕಿಲೋನೋ?"
"ಪೌಂಡು. ಮಗು ಅಂದಮೇಲೆ ಪೌಂಡು ತಾನೆ?"

ಹತ್ತು ಕಿಲೋ.
ಬರೆದದ್ದನ್ನು ಹಾಳೆ ಹರಿಯುವಂತೆ ಹೊಡೆದುಹಾಕಿದೆ.
"ಒಂದು ಚಮಚ ಹಾಕಲಾ?"
"ಚಮಚ ಡ್ರಾಯರಿನಲ್ಲೇ ಇರಲಿ.
ಡಬ್ಬಿಯೊಳಗೆ ಸಿರಿಂಜಿದೆ, ಅದರ ಮೇಲೆ ಮಿಲಿಲೀಟರಿನ ಗೆರೆ.
ಎಲ್ಲಿಗೆ ಎಳೆದಿರಿ, ಓದಿ ಹೇಳಿ."
ಶಾಲೆಯ ಹುಡುಗನಂತೆ ಓದಿದ.
ಕೊನೆಗೆ, "ನುಂಗಿದಳು."

ಫೋನಿಟ್ಟ ಮೇಲೆ ಬಹಳ ಹೊತ್ತು ಏಳಲಿಲ್ಲ ನಾನು.
ಅವನನ್ನು ಬೈಯಲಿ ಹೇಗೆ?
ನನ್ನ ಒಲೆಗೆ ಮುನ್ನೂರೈವತ್ತು, ಈಜುಕೊಳಕ್ಕೆ ಎಂಬತ್ತು,
ಹಾಲು ಲೀಟರಿನಲ್ಲಿ, ಬೆಣ್ಣೆ ಪೌಂಡಿನಲ್ಲಿ,
ರಸ್ತೆ ಕಿಲೋಮೀಟರು, ನಡೆವ ನಾನು ಐದಡಿ ನಾಲ್ಕಿಂಚು.
ಹಿಮ ಸೆಂಟಿಮೀಟರಿನಲ್ಲಿ ಬೀಳುತ್ತದೆ,
ಬೆಳಗಾದರೆ ಅಡಿಗಳಲ್ಲಿ ರಾಶಿಬಿದ್ದಿರುತ್ತದೆ.
ಅಡಿಗಡಿಗೂ ಹೀಗೆ ನಾಲಿಗೆ ಬದಲಿಸುವುದನ್ನು
ಜಾಣತನವೆಂದುಕೊಂಡಿದ್ದೆ.
ಆವತ್ತೇ ನೇಮ ಹಿಡಿದೆ. ಸಂಖ್ಯೆಯನ್ನು ಒಂಟಿಯಾಗಿ ಕಳಿಸಬಾರದು,
ಕಳಿಸಿದರೂ ಎಲ್ಲ ಒಂದೇ ಮನೆತನದಲ್ಲಿ.

ಗುರುವಾರ ತಂಗಿಗೆ ಹೆಣ್ಣು ಹುಟ್ಟಿತು.
ಪರಾಸ್ಕ ಅಜ್ಜಿ, ಎಂಬತ್ತೊಂಬತ್ತು,
ಹೊಲಿಗೆಯಂತ್ರದ ಮುಚ್ಚಳದ ಒಳಗೆ
ಮನೆಯ ಎಲ್ಲ ಹುಟ್ಟುಗಳನ್ನೂ ಬರೆದಿಟ್ಟವಳು:
ನನ್ನದು ಏಳು ಪೌಂಡು, ಮೂರು ಔನ್ಸು.
"ಮೂರು ಸಾವಿರದ ಇನ್ನೂರ ಅರವತ್ತು ಗ್ರಾಂ" ಎಂದೆ.
"ಮನುಷ್ಯರ ಮಾತಲ್ಲಿ ಹೇಳೇ."

ಹೇಳಲಿಲ್ಲ. ಫ್ರಿಜ್ಜಿನಿಂದ
ಲೀಟರಿನ ಮೂರು ಹಾಲಿನ ಡಬ್ಬಿ, ಮೇಲೊಂದು ಮೊಟ್ಟೆ,
ಅವಳದೇ ಶಾಲಿನಲ್ಲಿ ಸುತ್ತಿ ಮಡಿಲಿಗಿಟ್ಟೆ.
ಬೆಚ್ಚಿದಳು ತಣ್ಣಗಿದ್ದುದಕ್ಕೆ,
ಆಮೇಲೆ ಮೊಣಕಾಲು ತಾನಾಗಿ ತೂಗತೊಡಗಿತು.
"ಓ," ಎಂದಳು, "ಇಷ್ಟಾ."

ಅಳೆದೂ ಸುರಿದೂ ಪೆನ್ಸಿಲು ತೆಗೆದು
ನಾಲ್ಕು ಅಂಕೆ ಬರೆದಳು, ಮುಂದೆ ಗ್ರಾಂ ಎಂದೂ.
"ನೋಡು, ಸಾವಿರಗಟ್ಟಲೆ ಇದ್ದಾಳೆ ಇವಳು.
ನೀನು ಬರೀ ಏಳು."

ನಾನು ಆ ಹಳೆಯ ಏಳು-ಮೂರನ್ನು
ಮೊದಲ ಸಲ ಬಿಡಿಸಿ ನೋಡಿದೆ.
ಮೂರು ಸಾವಿರದ ಇನ್ನೂರ ಅರವತ್ತು.
ಮತ್ತೊಮ್ಮೆ ಗುಣಿಸಿದೆ. ಅದೇ.
ನಲವತ್ತಾರು ವರ್ಷದ ಅಂತರದಲ್ಲಿ
ಒಂದೇ ಮಡಿಲಿಗೆ ಒಂದೇ ಭಾರ.

ಪೆನ್ಸಿಲು ಕೇಳಿದೆ, ನನ್ನ ಸಾಲಿನ ಪಕ್ಕ ಬರೆಯಲು.
ಕೊಟ್ಟಳು, ಮೊಟ್ಟೆಯನ್ನು ಇನ್ನೂ ಅಂಗೈಯಲ್ಲೇ ಹಿಡಿದು.
"ಬರೆದಾದ ಮೇಲೆ
ಹಾಲು ಒಳಗಿಡು, ಕೆಡುತ್ತದೆ."