ಎರಡು ಸಲ ಹುಟ್ಟಿದ ನಕ್ಷತ್ರ

ಸುಹೈಲ್ ಬಂತು ಅಂದೆ.
ಬಂದಿರಲಿಲ್ಲ.

ಮಾಳಿಗೆಯ ಚಾಪೆಯ ಮೇಲೆ ಅಂಗಾತ ಮಲಗಿದ್ದ ಖಲ್ಫಾನ್
ಪೊರೆ ಬಂದ ಕಣ್ಣು ತೆಂಕಣಕ್ಕೆ ಹೊರಳಿಸಿ
"ಎಷ್ಟು ಎತ್ತರ?" ಅಂದ.
"ಹುಮೈದನ ಖರ್ಜೂರದ ಮರದಿಂದ ಮೇಲೆ ಒಂದು ಗೇಣು."
ಈ ಊರಿನ ಕಾಲುವೆ ನೀರನ್ನು ನಲವತ್ತು ವರ್ಷ
ನಕ್ಷತ್ರ ನೋಡಿ ಪಾಲು ಹಾಕಿದವನು,
ಇವರ ಸರದಿ ಮುಗೀತು, ಅವರ ಮಡೆ ಬಿಡಿ ಎಂದು
ಕತ್ತಲಲ್ಲಿ ಕೂಗುತ್ತಿದ್ದವನು
ಸುಮ್ಮನಾದ.
ನಂಬಿದ ಅಂದುಕೊಂಡೆ.

ಏನು ಮಾಡಲಿ, ಬೀಜದ ಡಬ್ಬಿ ಮೇ ತಿಂಗಳಿಂದ
ಮಂಚದ ಕೆಳಗೆ ಕಾಲು ತಗುಲಿದಾಗಲೆಲ್ಲ ಗಲಗಲ ಅನ್ನುತ್ತಿತ್ತು.
ಬೇಸಗೆಯಲ್ಲಿ ಇಲ್ಲಿ ತೋಟ ಅನ್ನುವುದು ಬರೀ ಬಾಯಿಮಾತು.
ಟೊಮೇಟೊ ಗಿಡ ನಿಂತಲ್ಲೇ ಕಾಗದವಾಗುತ್ತದೆ.
ನಲ್ಲಿ ತಿರುಗಿಸಿದರೆ ಚಹಾ ಪುಡಿ ಹಾಕುವುದೊಂದು ಬಾಕಿ.
ಗುದ್ದಲಿಯ ಕಾವಿಗೆ ಬಟ್ಟೆ ಸುತ್ತಿ ಹಿಡಿಯಬೇಕು.
ಉಳಿದದ್ದು ಬಚ್ಚಲ ಗೋಡೆಯ ಪಕ್ಕದ ಕಾಮಕಸ್ತೂರಿ,
ಅದೂ ನಾನು ಮುಖ ತೊಳೆದ ನೀರು ಕುಡಿದು.

ಸುಹೈಲ್ ಬಂದು ನಲವತ್ತು ದಿನ ಕಾಯಬೇಕು,
ಅದು ಖಲ್ಫಾನನ ಲೆಕ್ಕ.
ನಾನು ಸುಳ್ಳು ನಕ್ಷತ್ರದಿಂದ ಎಣಿಸಿ
ಇಪ್ಪತ್ತಕ್ಕೇ ಕೈ ಸೋತೆ.
ಮೊಫಿಜುಲ್ ಪಾತಿ ಕಟ್ಟಿದ, ಗೊಬ್ಬರ ಚೆಲ್ಲಿದ,
"ಖಾಲಾ, ನಮ್ಮ ಸಿಲ್ಹೆಟ್‌ನಲ್ಲಿ ಈ ತಿಂಗಳು
ಮೊಣಕಾಲಿನ ತನಕ ನೀರು" ಎಂದು ನಗುತ್ತ
ಮೂಲೆಯಲ್ಲಿ ತನ್ನದೂ ಎರಡು ಸೋರೆಬೀಜ ಊರಿದ.
ಒಂದು ಸಾಲು ಮುಳ್ಳಂಗಿ. ಒಂದು ಸಾಲು ಕೊತ್ತಂಬರಿ.

ಮೂರನೆಯ ದಿನ ಮುಳ್ಳಂಗಿ ಜೋಡೆಲೆ ಬಿಟ್ಟಿತು,
ಕೂಸು ಅಂಗೈ ತೆರೆದ ಹಾಗೆ.
ಯಾರಿಗೂ ಹೇಳಲಿಲ್ಲ, ಮೂರು ಸಲ ಹೋಗಿ ನೋಡಿದೆ.
ಐದನೆಯ ದಿನ ಮಧ್ಯಾಹ್ನ ಮರಳುಗಾಡಿನಿಂದ ಪಡುಗಾಳಿ ಬೀಸಿ
ಸಂಜೆಗೆ ಪಾತಿಯಲ್ಲಿ ಉಳಿದದ್ದು
ಗೀರಿ ಎಸೆದ ಬೆಂಕಿಕಡ್ಡಿಯಂಥ ಕರಿ ಗೆರೆ.
ಕೊತ್ತಂಬರಿ ಜಾಣೆ, ಏಳಲೇ ಇಲ್ಲ.

ಆಮೇಲೆ ಸುಹೈಲ್ ನಿಜಕ್ಕೂ ಬಂತು.
ಹುಮೈದನ ಮರದ ಮೇಲೆ, ಗೇಣಲ್ಲ, ಬರೀ ಎರಡು ಬೆರಳು,
ಒಲೆಯಿಂದ ಆಗಷ್ಟೇ ತೆಗೆದ ಕೆಂಡದ ಹಾಗೆ ನಡುಗುತ್ತ.
ಹೇಳುವುದು ಹೇಗೆ?
ನಕ್ಷತ್ರ ಎರಡು ಸಲ ಹುಟ್ಟಲು ಬರುತ್ತದೆಯೇ?
ದಿನ ಎಣಿಸುವುದನ್ನು ಬಿಟ್ಟೆ.
ಪಕ್ಕದ ಮನೆ ಹುಡುಗ ಫೋನು ನೋಡಿ
ಇವತ್ತು ನಲವತ್ತೊಂದು, ಇವತ್ತು ನಲವತ್ತು ಅನ್ನುತ್ತಿದ್ದ.
ನಾನು ಚಪ್ಪಲಿ ಬಿಟ್ಟು ಪಾತಿಯಲ್ಲಿ ನಿಂತು ನೋಡುತ್ತಿದ್ದೆ.
ಒಂದು, ಎರಡು, ಮೂರು,
ಏಳಕ್ಕೆ ಕಾಲು ಎತ್ತಿಕೊಳ್ಳಬೇಕು.
ಮಾರನೆಯ ವಾರ ಹನ್ನೆರಡಕ್ಕೆ.

ನಿನ್ನೆ ರಾತ್ರಿ ಯಾಕೋ ಎಚ್ಚರವಾಯಿತು.
ಐದು ತಿಂಗಳು ಕಾಲ ಬುಡದಲ್ಲಿ ಮಡಚಿ ಬಿದ್ದಿದ್ದ ದುಪ್ಪಟಿ
ಖಲ್ಫಾನನ ಎದೆಯ ಮೇಲಿತ್ತು.
ನಿದ್ದೆಯಲ್ಲೇ ಎಳೆದುಕೊಂಡಿದ್ದಾನೆ,
ಒಂದು ಅಂಚು ನನ್ನ ಮೇಲೂ.
ಕೆಳಗೆ ಕಾಲುವೆಯ ಸದ್ದು ತೆಳ್ಳಗೆ ಕೇಳುತ್ತಿತ್ತು.
ಅಲುಗಾಡದೆ ಮಲಗಿದ್ದೆ.

"ಬೀಜ ಉಳಿಸಿದ್ದೀಯಾ, ಜುವೈನಾ?"

ಎದ್ದೇ ಇದ್ದ.

"ಅರ್ಧ ಡಬ್ಬಿ" ಅಂದೆ.
"ಆವತ್ತು ಗೇಣು ಅಂದೆಯಲ್ಲ,
ಮೊದಲ ದಿನ ಯಾವ ನಕ್ಷತ್ರ ಗೇಣು ಏರುತ್ತದೆ" ಅಂದ,
ಮಗ್ಗುಲು ಬದಲಿಸಿದ.

ನಮ್ಮ ಸರದಿ ಬೆಳಗಿನ ಆರಕ್ಕೆ, ಅರ್ಧ ತಾಸು.
ಮಡೆಗೆ ತುರುಕಿದ್ದ ಹಳೇ ಗೋಣಿ ಕಿತ್ತೆ.
ನೀರು ಮೊದಲು ಒಣ ಎಲೆ ತಳ್ಳಿಕೊಂಡು ಬಂತು,
ಆಮೇಲೆ ಒಂದು ಸತ್ತ ಜೀರುಂಡೆ,
ಆಮೇಲೆ ನೀರೇ.
ಖಲ್ಫಾನ್ ಕಟ್ಟೆಯ ಮೇಲೆ ಕೂತು ಅಂಗೈ ಚಾಚಿದ್ದ.
ಮುಳ್ಳಂಗಿ ಬೀಜ ಸುರಿದೆ.
ಬೆರಳಲ್ಲಿ ಒಂದೊಂದೇ ತಡವಿ
"ಕೊತ್ತಂಬರಿ ಇದು" ಅಂದ.
ಅಲ್ಲ.
ಆದರೆ ಈ ಸಲ ತಿದ್ದಲಿಲ್ಲ, ಹೂಂ ಅಂದೆ.
ಅವನೂ ನಗು ಅದುಮಿಕೊಂಡೇ ಇದ್ದ.